ಪಕ್ಕದಲ್ಲಿಟ್ಟ ಫೋಲ್ಡರ್

ನಂಬದಿದ್ರೆ ಬಿಡಿ. ನಾನೂ ಸುಲಭಕ್ಕೆ ನಂಬೋನಲ್ಲ. ಆದ್ರೆ ಎಲ್ದೋ ನನ್ನ ಹೆಂಡತಿಯ ತಮ್ಮ, ಸುಳ್ಳು ಹೇಳಿದ್ರೆ ಅವನ ಕಿವಿ ಕೆಂಪಾಗುತ್ತೆ. ಇದನ್ನ ಹೇಳುವಾಗ ಆಗಲಿಲ್ಲ.

ಆಲಪ್ಪುಳದ ನಾರಿನ ಚಾಪೆ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡ್ಕೊಳ್ಳೋದು ಅವನ ಕೆಲಸ. ಆರ್ಡರ್ ಮೇಲ್‌ಗಳಿಗೆ ಆಫೀಸಿನವರೆಲ್ಲ ಬಳಸೋ ಒಂದು ದೊಡ್ಡ ಫೋಲ್ಡರ್, ಅದರೊಳಗೆ ಗಿರಾಕಿಗೊಂದು ಫೋಲ್ಡರ್, ಅದರೊಳಗೆ ವರ್ಷಕ್ಕೊಂದು. ಒಂದು ಶುಕ್ರವಾರ ನೋಡಿದ್ರೆ ಹಳೇದೆಲ್ಲ ಮಾಯ! ನನ್ನ ಕೇಳಿದ್ರೆ ಮ್ಯಾನೇಜರ್ ಗ್ರೇಸಿ ಮೇಡಂ ಮೌಸೇ ಜಾರಿರಬೇಕು. ಆದ್ರೆ ಬೈಸಿಕೊಂಡೋನು ಇವನು.

"ನೀನೇ ಅಳಿಸಿದ್ದೀಯ. ಮಂಗಳವಾರ ಬೆಳಿಗ್ಗೆ ಎಲ್ಲ ಇದ್ದ ಹಾಗೇ ಇರಬೇಕು. ಇಲ್ಲಾಂದ್ರೆ ಮನೆಗೆ ನಡಿ."

ಸೋಮವಾರ ರಾತ್ರಿ ಒಬ್ಬನೇ ಕೂತು, ಗುರುವಾರದ ಬ್ಯಾಕಪ್‌ನಿಂದ ಇಡೀ ಫೋಲ್ಡರ್ ವಾಪಸ್ ತಂದ. ಬೀಗ ಹಾಕಿ ಹೊರಟ. ಕಾಲುವೆ ಪಕ್ಕದ ಹಾಳುಬಾವಿ ದಾಟುವಾಗ... ಹಿಂದೆ ಸದ್ದು.

ಟಣ್... ಟಣ್.

ಪೆನ್ನಿನ ತುದಿಯಲ್ಲಿ ಸ್ಟೀಲ್ ಲೋಟ ಬಡಿದ ಸದ್ದು. ಎಲ್ದೋ ತಿರುಗಿ ನೋಡಿದ, ಯಾರೂ ಇಲ್ಲ. ಹಾಗೆ ಬಡೀತಿದ್ದೋರು ಕುರ್ಯಾಚ್ಚನ್ ಚೇಟ್ಟ ಒಬ್ಬರೇ, ಅದೇ ಆಫೀಸಲ್ಲಿ ಇವನಿಗೆ ಕೆಲಸ ಕಲಿಸಿದೋರು; ಅಲ್ಲಿ ಅಣ್ಣಂಗೆ ಚೇಟ್ಟ ಅಂತಾರೆ. ಮಳೆಗಾಲದಲ್ಲಿ ತೀರಿಕೊಂಡಿದ್ರು. ಇವನು ಆತುರಪಟ್ಟಾಗೆಲ್ಲ ಲೋಟ ಬಡಿದು ಹೇಳ್ತಿದ್ರು: "ಹಳೇದನ್ನ ಹೊಸದರ ಮೇಲೆ ಸುರೀಬೇಡ ಮಗನೇ. ಪಕ್ಕದಲ್ಲಿಡು. ನೋಡ್ಕೊಂಡು ಸೇರಿಸು."

ಆಗ ಹೊಳೀತು... ಇವನು ಗುರುವಾರದ್ದನ್ನ ಈಗಿರೋದರ ಮೇಲೇ ಸುರಿದಿದ್ದ! ಶುಕ್ರವಾರದಿಂದೀಚೆಗೆ ಬಂದ ಆರ್ಡರೆಲ್ಲ ಅಳಿಸಿಹೋಯ್ತು, ಕೆಲಸವೂ ಹೋಯ್ತು ಅಂತ ಎದ್ದೆನೋ ಬಿದ್ದೆನೋ ಅಂತ ಆಫೀಸಿಗೆ ವಾಪಸ್ ಓಡಿದ.

"ಪವಿತ್ರನ್ ಚೇಟ್ಟಾ, ಒಳಗೆ ಯಾರಾದ್ರೂ ಹೋದ್ರಾ?" ವಾಚ್‌ಮನ್‌ನ ಪಿಸುಗುಟ್ಟಿ ಕೇಳಿದ.

"ಬೀಗದ ಕೈ ನಿನ್ನ ಜೇಬಲ್ಲಿಟ್ಕೊಂಡು ನನ್ನ ಕೇಳ್ತೀಯಲ್ಲೋ!" ಆಮೇಲೆ ದನಿ ತಗ್ಗಿಸಿದ. "ಆದ್ರೆ... ಲೋಟದ ಸದ್ದು ಬಂತು."

ಒಳಗೆ ಹೋಗಿ ನೋಡಿದ್ರೆ ಹೊಸ ಆರ್ಡರ್ ಒಂದೂ ಹೋಗಿಲ್ಲ. ಹಳೇ ಫೋಲ್ಡರುಗಳು ಪಕ್ಕದಲ್ಲಿ, ಬೇರೆಯಾಗಿ, ಸಾಲಾಗಿ ಕೂತಿವೆ. ಯಾರು ಇಟ್ಟದ್ದು ಅನ್ನೋ ಜಾಗದಲ್ಲಿ ಕುರ್ಯಾಚ್ಚನ್ ಹೆಸರು. ಆ ಹೆಸರನ್ನ ಸಮಾಧಿಯಾದ ವಾರವೇ ಎಲ್ದೋ ಕೈಯಾರೆ ಸರ್ವರಿನಿಂದ ತೆಗೆದಿದ್ದ.

ನನಗೆ ಮೊದಲು ಪವಿತ್ರನ್ ಮೇಲೇ ಅನುಮಾನ. ಆದ್ರೆ ಅವನಿಗೆ ಮೊಬೈಲಲ್ಲಿ ಹೆಂಡತಿ ನಂಬರ್ ಹುಡುಕೋಕೂ ಬರಲ್ಲ. "ನೀನೇ ಪಕ್ಕದಲ್ಲಿಟ್ಟು ಮರೆತಿದ್ದೀಯ" ಅಂತ ಎಲ್ದೋನ ಕೆಣಕಿದೆ.

"ಹಾಗಾದ್ರೆ ಆ ಹೆಸರು, ಭಾವ?" ಅಂದ.

ಅವನ ಕೆಲಸ ಉಳೀತು. "ಸತ್ತೋರ ಹೆಸರು ಅಲ್ಯಾಕೆ? ತೆಗಿ" ಅಂದ್ರು ಮೇಡಂ. ತೆಗೆದ. ಮರುದಿನ ಮತ್ತೆ ಇತ್ತು. ಈಗ ಯಾರೂ ಮುಟ್ಟಲ್ಲ.

ಕುರ್ಯಾಚ್ಚನ್ ತೀರಿಕೊಂಡ ಮೇಲೆ ಅವರ ಲೋಟವನ್ನ ಆಫೀಸಿನವರು ಅವರ ಮೇಜಿನ ಮೇಲೇ ಬೋರಲು ಹಾಕಿಟ್ಟಿದ್ರಂತೆ. ನಾನೇ ಹೋಗಿ ನೋಡಿ ಬಂದೆ, ದೇವರಾಣೆ. ಲೋಟ ನೆಟ್ಟಗಿತ್ತು. ಅಂಚಿನಲ್ಲಿ ನೀಲಿ ಶಾಯಿ... ಒರೆಸಿದ್ರೆ ಬೆರಳಿಗೆ ಅಂಟಿತು.