ಕಮರು ಖಾಲಾ ಕಡೆಯ ಕಿಂಡಿ

ಊಹಿಸಿ ನೋಡೋಣ. ಸಾಯುವ ತಾಯಿಗೆ ಮಗ ಒಂದು ಮಾತು ಕೊಟ್ಟ. ಆಕೆ ಹೋದ ಮೇಲೆ ತಪ್ಪಿದ. ಆ ತಾಯಿ ಏನು ಮಾಡಿದಳು? ರಾತ್ರಿ ಬಂದು ಎದೆ ಮೇಲೆ ಕೂತಳೇ? ಅಟ್ಟದ ಪಾತ್ರೆ ಉರುಳಿಸಿದಳೇ? ಸೊಸೆಯ ಮೈಮೇಲೆ ಬಂದು ಕೋಳಿ ಕೇಳಿದಳೇ?

ಮೂರೂ ಅಲ್ಲ.

ಸೋತಿರಾ? ಸೋಲಿ, ಸೋಲಿ. ನಾನೂ ಸೋತವನೇ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು, ಬೆಳಕು ಗಾಜಿನೊಳಗೆ ಹೇಗೆ ಬಾಗುತ್ತದೆ ಅಂತ ಬೋರ್ಡಿನ ಮೇಲೆ ಗೀಚಿ ಗೀಚಿ ಸೀಮೆಸುಣ್ಣ ಮುಗಿಸಿದವನು. ನನ್ನ ಪಾಠವೆಲ್ಲ ಒಂದೇ ಮಧ್ಯಾಹ್ನದಲ್ಲಿ ನೀರುಪಾಲಾಯಿತು. ಬೇಜಾರಿಲ್ಲ. ಇಂಥ ಕತೆ ಕೈಗೆ ಸಿಕ್ಕರೆ ಪಾಠ ಹೋದರೆ ಹೋಗಲಿ! ಹೇಗೂ ಕರೆಂಟ್ ಹೋಗಿದೆ, ಹತ್ತಿರ ಬನ್ನಿ.

ಮುತ್ತುರಾಜ ನನ್ನ ಚಿಕ್ಕಮ್ಮನ ಮಗ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರಲ್ಲಿ ಮ್ಯಾನೇಜರು. ಮನೆ ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಓಣಿಯೊಳಗೆ. ಅಲ್ಲಿಯ ಮನೆಗಳು ನಿಮಗೆ ಗೊತ್ತಲ್ಲ, ಈ ಮನೆಯವರು ಸೀನಿದರೆ ಆ ಮನೆಯವರು ನೂರು ವರ್ಷ ಅನ್ನಬೇಕು, ಅಷ್ಟು ಒತ್ತು. ಮುತ್ತುವಿನ ಅಡುಗೆಮನೆಗೂ ಪಕ್ಕದ ಕಮರುನ್ನೀಸಾಳ ಅಡುಗೆಮನೆಗೂ ಇದ್ದದ್ದು ಒಂದೇ ಗೋಡೆ. ಆ ಗೋಡೆಯಲ್ಲೊಂದು ಕಿಂಡಿ. ಒಂದು ತಟ್ಟೆ ಅಡ್ಡಡ್ಡ ದಾಟುವಷ್ಟು ಅಗಲ.

ಕಮರುನ್ನೀಸಾ ಗಂಡನನ್ನು ಕಳೆದುಕೊಂಡವಳು, ಒಬ್ಬಳೇ ಇದ್ದಳು. ಎಲ್ಲರೂ ಕರೆಯುತ್ತಿದ್ದದ್ದು ಕಮರು ಖಾಲಾ ಅಂತ, ಉರ್ದುವಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ. ನಮ್ಮ ಚಿಕ್ಕಮ್ಮ ವೆಂಕಟಮ್ಮನಿಗೂ ಆಕೆಗೂ ಆ ಕಿಂಡಿಯಲ್ಲಿ ಎಲೆಅಡಿಕೆಯ ಸ್ನೇಹ. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಮ್ಮ ಎಡಗೈ ಸೊಂಟದ ಮೇಲಿಟ್ಟು ನಿಂತು ತನ್ನ ಹಿತ್ತಾಳೆ ಸುಣ್ಣದ ಡಬ್ಬಿಯನ್ನು ಕಿಂಡಿಯ ಕಲ್ಲಿಗೆ ಕುಟ್ಟುವಳು. ಟಿಣ್... ಟಿಣ್‌ಟಿಣ್. ಆ ಕಡೆಯಿಂದ ಎಲೆ ಬರೋದು, ಈ ಕಡೆಯಿಂದ ಸುಣ್ಣ ಅಡಿಕೆ ಹೋಗೋದು. ಆಮೇಲೆ ಊರ ಸುದ್ದಿ. ಬೆರಳಲ್ಲಿ ಉಳಿದ ಸುಣ್ಣವನ್ನು ಚಿಕ್ಕಮ್ಮ ಕಿಂಡಿಯ ಅಂಚಿಗೇ ಸವರೋದು. ಅಲ್ಲಿ ಸುಣ್ಣ ಗಟ್ಟಿಕಟ್ಟಿ ಕೊಕ್ಕರೆ ಹಿಕ್ಕೆ ಹಾಕಿದ ಹಾಗೆ ಕಾಣುತ್ತಿತ್ತು ಅಂತ ಮುತ್ತುವಿನ ಹೆಂಡತಿ ನಂದಿತಾ ಗೊಣಗುವಳು.

ಚಿಕ್ಕಮ್ಮ ಹಾಸಿಗೆ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ಮಗನ ಕೈ ಹಿಡಿದು ಕೇಳಿದ್ದು ಒಂದೇ.

"ಮನೆ ಏನಾದ್ರೂ ಮಾಡ್ಕೊ. ಆ ಕಿಂಡಿ ಮಾತ್ರ ಮುಚ್ಬೇಡ ಕಣೋ. ಅವಳೊಬ್ಬಳೇ ಆಗ್ಬಿಡ್ತಾಳೆ."

"ನಿನ್ನಾಣೆ ಮುಚ್ಚಲ್ಲಮ್ಮ," ಅಂದ ಮುತ್ತು. ತಾಯಿಯ ಅಂಗೈ ಮೇಲೆ ಅಂಗೈ ಇಟ್ಟು ಅಂದ.

ಆಕೆ ಹೋದಳು. ವರ್ಷ ಕಳೆಯುವ ಮೊದಲೇ ಮುತ್ತುವಿಗೆ ಮನೆ ರಿಪೇರಿಯ ಹುಚ್ಚು ಹತ್ತಿತು. ಇಂದಿರಾನಗರದಿಂದ ಮೋನಿಷಾ ಅನ್ನೋ ಆರ್ಕಿಟೆಕ್ಟ್ ಬಂದಳು. ಜೊತೆಗೆ ಓಣಿಯ ಬುದ್ಧಿವಂತರು ಬೇರೆ ಕಿವಿ ಊದಿದರು, "ಮುತ್ತಣ್ಣ, ಗೋಡೇಲಿ ತೂತು ಬಿಟ್ರೆ ನಾಳೆ ಅವರ ಕಡೆಯೋರು ಹಕ್ಕು ಅಂತಾರೆ." ಹೆದರಿದ. ಕಿಂಡಿಗೆ ಏನು ಮಾಡೋಣ ಅಂತ ಮೋನಿಷಾಳನ್ನು ಕೇಳಿದ.

"ಗ್ಲಾಸ್ ಬ್ಲಾಕ್ ಹಾಕೋಣ ಸರ್," ಅಂದಳಂತೆ. "ಎರಡು ಗಾಜಿನ ಬಟ್ಟಲು ಬಾಯಿಗೆ ಬಾಯಿ ಇಟ್ಟು ಬೆಂಕೀಲಿ ಬೆಸೆದಿರ್ತಾರೆ. ಒಳಗಡೆ ಬರೀ ಗಾಳಿ, ಒಂದು ಇರುವೇನೂ ಹೋಗಲ್ಲ. ಬೆಳಕು ಬರುತ್ತೆ, ಆದ್ರೆ ಯಾರೂ ಸ್ಪಷ್ಟವಾಗಿ ಕಾಣಲ್ಲ. ಸದ್ದೂ ಬರಲ್ಲ."

ಮುತ್ತುವಿಗೆ ಖುಷಿ. ಮುಚ್ಚಿದ ಹಾಗೂ ಆಯ್ತು, ಬೆಳಕು ಬರೋದರಿಂದ ಮುಚ್ಚಿಲ್ಲ ಅಂತ ಹೇಳಿಕೊಳ್ಳಲೂ ಆಯ್ತು! ನನ್ನ ತಮ್ಮನ ತಲೆ ನೋಡಿ.

ಖಾಲಾಗೆ ಹೇಳಿದ್ದೇ ಬೇರೆ. "ಕೆಲಸದ ಧೂಳು ಖಾಲಾ, ಹದಿನೈದು ದಿನ ಅಡ್ಡ ಇಡ್ತೀವಿ, ಆಮೇಲೆ ತೆಗೀತೀವಿ." ಆಕೆ ನಂಬಿದಳು. ರಾಯಚೂರು ಕಡೆಯ ಗಾರೆ ಮೇಸ್ತ್ರಿ ಹುಲಿಗೆಪ್ಪ ಎಂಟು ಗಾಜಿನ ಇಟ್ಟಿಗೆಗಳನ್ನು ನಾಲ್ಕರಂತೆ ಎರಡು ಸಾಲು ಕೂರಿಸಿ, ಸಂದಿಗೆ ಬಿಳಿ ಸಿಮೆಂಟ್ ತುಂಬಿದ. ನೋಡಲು ಚೆಂದವೇ. ಸುಳ್ಳು ಯಾಕೆ ಹೇಳಲಿ, ನಾನೂ ಹೊಗಳಿದೆ.

ಹದಿನೈದು ದಿನ ಕಳೆದ ಮೇಲೆ ಕಮರು ಖಾಲಾ ಮುತ್ತುವಿನ ಬಾಗಿಲಿಗೆ ಬಂದಳು. ಅಡುಗೆಮನೆಗೆ ಹೋಗಿ ಗಾಜಿನ ಮೇಲೆ ಕೈಯಾಡಿಸಿದಳು. ಮೇಲೆ, ಕೆಳಗೆ, ಮೂಲೆ ಮೂಲೆ. ಚಿಲಕ ಹುಡುಕುವ ಹಾಗೆ.

"ಮುತ್ತು ಬೇಟಾ... ಇದು ಯಾವ ಕಡೆ ತೆರೀತದೆ?"

ಮುತ್ತು ಏನೆಂದಾನು? "ಬೆಳಕು ಬರುತ್ತಲ್ಲ ಖಾಲಾ," ಅಂದ.

ಆಕೆ ಗಾಜಿನಿಂದ ಕೈ ತೆಗೆದು ಮನೆಗೆ ನಡೆದಳು. ಆ ವಾರವೇ ಮನೆಗೆ ಬೀಗ ಜಡಿದು ಕೆ.ಆರ್. ಪುರದಲ್ಲಿರುವ ಮಗಳು ಅಳಿಯನ ಹತ್ತಿರ ಹೊರಟುಹೋದಳು.

ಈಗ ಕೇಳಿ. ದಸರಾ ಸ್ಟಾಕು ಬಂದ ದಿನ, ಅಂಗಡಿಯಲ್ಲಿ ಲೆಕ್ಕ ಮುಗಿದಾಗ ತಡವಾಗಿತ್ತು. ಮುತ್ತು ಹಲಸೂರು ಮೆಟ್ರೋ ಇಳಿದು ನಡೆದು ಬರುತ್ತಿದ್ದ. ಓಣಿಯ ಬಾಯಲ್ಲಿ ಅರಳಿಕಟ್ಟೆ. ಗಾಳಿಯಿಲ್ಲ. ಎಲೆಯೂ ಅಲ್ಲಾಡುತ್ತಿಲ್ಲ. ಅವನ ಚಪ್ಪಲಿಯದೇ ಸದ್ದು, ಚಪ್... ಚಪ್... ಕಟ್ಟೆ ದಾಟಿದ.

ಟಿಣ್.

ನಿಂತ. ಚಪ್ಪಲಿ ಸದ್ದು ನಿಂತಿತು.

ಟಿಣ್‌ಟಿಣ್.

ಹಿತ್ತಾಳೆ ಕಲ್ಲಿಗೆ ಬಡಿದ ಸದ್ದು. ಗಾಜಿಗಲ್ಲ, ಕಲ್ಲಿಗೆ. ಆ ಕಲ್ಲನ್ನು ಹುಲಿಗೆಪ್ಪ ಕಿತ್ತು ಎಂದೋ ಲಾರಿಗೆ ಹಾಕಿಯಾಗಿತ್ತು.

ಖಾಲಾ ಬಂದಿರಬೇಕು ಅಂದುಕೊಂಡ. ಆಕೆಯ ಬಾಗಿಲು ನೋಡಿದ. ಬೀಗ ಹಾಗೇ ಇದೆ, ಬೀಗದ ಮೇಲೆ ಜೇಡರಬಲೆ. ತನ್ನ ಮನೆಯ ಬಾಗಿಲು ತೆಗೆದ. ಅಡುಗೆಮನೆಯ ದೀಪ ಆರಿದೆ. ಆದರೆ ಗಾಜಿನ ಇಟ್ಟಿಗೆಗಳು... ಹಳದಿಯಾಗಿ ಬೆಳಗುತ್ತಿವೆ. ಆ ಕಡೆ ಯಾರೋ ದೀಪ ಹಚ್ಚಿದ್ದಾರೆ. ಒಂದೊಂದು ಇಟ್ಟಿಗೆಯೊಳಗೂ ಒಬ್ಬೊಬ್ಬಳು ಪುಟ್ಟ ಹೆಂಗಸು. ಎಂಟು ಇಟ್ಟಿಗೆ, ಎಂಟು ಹೆಂಗಸರು. ಎಲ್ಲರ ಎಡಗೈಯೂ ಸೊಂಟದ ಮೇಲೆ.

ನಂದಿತಾಳನ್ನು ಎಬ್ಬಿಸಿದ. ಇಬ್ಬರೂ ಬಾಗಿಲ ಸಂದಿಯಲ್ಲಿ ನಿಂತರು.

"ಖಾಲಾನಾ?" ಪಿಸುಗುಟ್ಟಿದಳು.

"ಬೀಗ ಹಾಕಿದೆ."

"ಮತ್ತೆ ಯಾರ್ರೀ?"

"ಶ್..."

ಎಂಟೂ ಬಲಗೈಗಳು ಒಟ್ಟಿಗೆ ಎದ್ದವು. ಎರಡು ಬೆರಳು ಬಾಯಿಗೆ ಹೋದವು. ಎಲೆ ಮಡಿಸಿ ದವಡೆಗೆ ಒತ್ತರಿಸುವ ಹಾಗೆ.

"ರೀ... ಅತ್ತೆ," ಅಂದಳು ನಂದಿತಾ.

ಮುತ್ತುವಿಗೆ ಹೆದರಿಕೆಯಾಗಲಿಲ್ಲವಂತೆ. ಅಮ್ಮ ಬಂದಳಲ್ಲ ಅಂತ ಕಣ್ಣು ತುಂಬಿತಂತೆ. ಗಾಜಿನ ಹತ್ತಿರ ಹೋಗಿ ಮೆಲ್ಲಗೆ ಕರೆದ, "ಅಮ್ಮಾ..."

ಎಂಟೂ ತಲೆಗಳು ಈ ಕಡೆ ನೋಡಿದವು. ಒಂದು ಕ್ಷಣ.

ಆಮೇಲೆ ಎಂಟೂ ಬೆನ್ನು ತಿರುಗಿಸಿದವು. ದೀಪ ಆರಿತು. ಫುಸ್... ಯಾರೋ ಬಾಯಲ್ಲಿ ಊದಿದ ಹಾಗೆ.

ಇದಾಗಿ ನಾಲ್ಕಾರು ದಿನಕ್ಕೆ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. ಅವತ್ತು ಸರ್ಕಾರಿ ರಜೆ ಬೇರೆ, ಮಾಂಸದಂಗಡಿ ಬಂದ್. ಚಿಕ್ಕಮ್ಮನಿಗೋ ಮಟನ್ ಇಲ್ಲದ ಎಡೆ ಎಡೆಯೇ ಅಲ್ಲ. ಮುತ್ತು ಹಿಂದಿನ ದಿನವೇ ರಸೆಲ್ ಮಾರುಕಟ್ಟೆಯಿಂದ ತಂದು ಫ್ರಿಜ್‌ನಲ್ಲಿಟ್ಟಿದ್ದ. ನನ್ನನ್ನೂ ಕರೆದಿದ್ದ. ಫೋಟೋದ ಮುಂದೆ ಎಡೆ ಇಟ್ಟು, ಕಾಗೆಗೆ ಅಂತ ಒಂದು ಎಲೆ ತಾರಸಿಗೆ ಒಯ್ದೆವು.

ಕಾಗೆ ಬಂತು. ಖಾಲಾ ಮನೆಯ ಮೋಟುಗೋಡೆ ಮೇಲೆ ಕೂತಿತು. ನಮ್ಮ ಕಡೆಗೆ ಬಾಲ.

"ಬಾ ಅಮ್ಮ, ಬಾ," ಅಂತ ಮುತ್ತು ಕರೆದೇ ಕರೆದ. ಅದು ತಿರುಗಲಿಲ್ಲ.

"ಫ್ರಿಜ್ ಮಟನ್ ಕಣೋ, ಹೇಗೆ ತಿಂದಾಳು ನಿಮ್ಮಮ್ಮ!" ಅಂದೆ ನಗಿಸೋಣ ಅಂತ. ಯಾರೂ ನಗಲಿಲ್ಲ. ಆಗಲೇ ಗಂಡ ಹೆಂಡತಿ ಆ ರಾತ್ರಿಯದು ಬಾಯಿಬಿಟ್ಟದ್ದು. ನಾನು ಬಿಡುತ್ತೇನೆಯೇ? ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಂದೊಂದು ಇಟ್ಟಿಗೆಯೂ ಹೇಗೆ ಮಸೂರದ ಹಾಗೆ ಒಂದೊಂದು ಬಿಂಬ ಮೂಡಿಸುತ್ತದೆ, ಬೀದಿಯ ಸ್ಕೂಟರಿನ ದೀಪ ಖಾಲಾ ಕಿಟಕಿಯಿಂದ ಹೊಕ್ಕು ಹೇಗೆ ಬಾಗಿರಬಹುದು, ಎಲ್ಲ ವಿವರಿಸಿದೆ. ಭರ್ಜರಿ ಪಾಠ. ಹೇಳುತ್ತ ಹೇಳುತ್ತ ಕೆಳಸಾಲಿನ ಒಂದು ಇಟ್ಟಿಗೆಯಲ್ಲಿ ಬಿಳಿ ಗೀಟು ಕಂಡಿತು. ಒಂದು ಬೆರಳಗಲ.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ.

"ಆ ಕಡೆ ಇರಬೇಕು," ಅಂದೆ.

ಮುತ್ತು ಕೆ.ಆರ್. ಪುರಕ್ಕೆ ಫೋನ್ ಮಾಡಿದ. ಅಳಿಯ ಫಹೀಮ್ ಖಾಲಾಳನ್ನು ಮೆಟ್ರೋದಲ್ಲಿ ಕರೆತಂದ. ಆಕೆ ಬೀಗ ತೆಗೆದಳು. ನಾವೂ ಹಿಂದೆ ಹೋದೆವು. ಸೆರಗು ಒದ್ದೆ ಮಾಡಿ ಆಕೆಯೂ ಗಾಜು ಉಜ್ಜಿದಳು. ಕಿರ್... ಕಿರ್... ಗೀಟು ಹೋಗಲಿಲ್ಲ.

ಆಮೇಲೆ ಆಕೆ ಕೆಳಗೆ ನೋಡಿದಳು. ಮುಚ್ಚಿದ ಮನೆ, ನೆಲದ ತುಂಬ ಧೂಳು. ಆ ಧೂಳಿನ ಮೇಲೆ, ಗಾಜಿನ ಕೆಳಗೆ, ಒಂದು ಹಿಡಿ ವೀಳ್ಯದೆಲೆ ತೊಟ್ಟು. ಹಸಿರಾಗಿ, ಈಗ ಕಿತ್ತ ಹಾಗೆ.

"ನಿಮ್ಮಮ್ಮ ಇಲ್ಲೇ ಅವಳೆ," ಅಂದಳು ಖಾಲಾ, ಸಣ್ಣ ದನಿಯಲ್ಲಿ.

ಮುತ್ತು ಅಲ್ಲೇ ಧೂಳಿನಲ್ಲಿ ಕೂತ. "ಹೆತ್ತ ಮಗ ನಾನು. ಅಮ್ಮನ ಫೋಟೋ ನನ್ನ ಮನೇಲಿ, ಎಡೆ ನನ್ನ ಮನೇಲಿ. ನನ್ನ ಬಿಟ್ಟು ಇಲ್ಲಿಗ್ಯಾಕೆ ಖಾಲಾ? ಇಂಥ ಮೋಸ ಮಾಡಬಹುದಾ ಅವಳು?"

ಖಾಲಾ ತೊಟ್ಟುಗಳನ್ನು ಒಂದೊಂದೇ ಆರಿಸಿ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದಳು.

"ನನಗೆ ಹದಿನೈದು ದಿನ ಅಂದೆ ಬೇಟಾ. ಅವಳಿಗೆ ಏನಂದಿದ್ದೆ?"

ಮುತ್ತು ಎದ್ದುಹೋಗಿ ಹುಲಿಗೆಪ್ಪನಿಗೆ ಫೋನ್ ಮಾಡಿದ.

ಹುಲಿಗೆಪ್ಪ ಉಳಿ ಸುತ್ತಿಗೆ ಹಿಡಿದು ಗೊಣಗುತ್ತಲೇ ಬಂದ. "ನಾನಽ ಹಾಕಿದ್ದು ನಾನಽ ಒಡೀಬೇಕೇನ್ರೀ ಸರಽ? ಎಷ್ಟ್ ಚಂದ ಕುಂತಾವು!" ಟಕ್... ಟಕ್... ಚಿಲ್. ಏಳು ಇಟ್ಟಿಗೆ ಚೂರಾದವು. ಗೀಟಿನದು ಮಾತ್ರ ಒಂದೇ ಪೆಟ್ಟಿಗೆ ಇಡಿಯಾಗಿ ಕಳಚಿ ಅವನ ಕೈಗೆ ಬಂತು. ಬೆಳಕಿಗೆ ಹಿಡಿದ. ಈ ಮುಖ ಉಜ್ಜಿದ, ಆ ಮುಖ ಉಜ್ಜಿದ. ಆಮೇಲೆ ಬಿಸಿ ತಾಕಿದವನ ಹಾಗೆ ಮೆಲ್ಲಗೆ ನೆಲದ ಮೇಲಿಟ್ಟ.

"ಒಳಗೈತ್ರೀ ಇದು," ಅಂದ.

ಹೌದು. ಬೆಂಕಿಯಲ್ಲಿ ಬೆಸೆದ ಎರಡು ಗಾಜಿನ ನಡುವೆ, ಇರುವೆಯೂ ಹೋಗದ ಕಡೆ, ಒಂದು ಬೆರಳು ಸುಣ್ಣ ಸವರಿತ್ತು.

ಕಿಂಡಿ ತೆರೆಯಿತು. ನಂದಿತಾ ಎಡೆಯ ಎಲೆಯನ್ನು ತಟ್ಟೆಯಲ್ಲಿಟ್ಟು ಅಲ್ಲಿಂದಲೇ ದಾಟಿಸಿದಳು. ಖಾಲಾ ಅದನ್ನು ತನ್ನ ತಾರಸಿಗೆ ಒಯ್ದಳು. ಕೆಳಗಿಡಲೂ ಬಿಡಲಿಲ್ಲ ಕಾಗೆ. ಮೊದಲು ಬಾಯಿ ಹಾಕಿದ್ದು ಆ ಫ್ರಿಜ್ ಮಟನ್ನಿಗೇ! ಮುತ್ತು ಈ ಕಡೆ ತಾರಸಿಯಲ್ಲಿ ಮೋಟುಗೋಡೆ ಹಿಡಿದು ನಿಂತಿದ್ದ. "ಅಮ್ಮಾ, ತೆಗೆದೆನಲ್ಲಮ್ಮ... ಒಂದ್ಸಲ ಈ ಕಡೆ ಬಾ," ಅಂದ. ಕಾಗೆ ಖಾಲಾ ಗೋಡೆಗೆ ಕೊಕ್ಕು ಒರೆಸಿತು. ಈ ಪಕ್ಕ, ಆ ಪಕ್ಕ. ಹಾರಿಹೋಯಿತು.

ಖಾಲಾ ಈಗ ತನ್ನ ಮನೆಯಲ್ಲೇ ಇದ್ದಾಳೆ. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದಾಗ ಕಿಂಡಿಯಲ್ಲಿ ಸುಣ್ಣದ ಡಬ್ಬಿ ಕುಟ್ಟುವವನು ಮುತ್ತು. ಎಡೆ ಇಡುವ ದಿನ ಎಲೆ ಆ ಕಡೆಗೇ ದಾಟಬೇಕು. ಇವನ ತಾರಸಿಯಲ್ಲಿ ಕಾಗೆ ಇವತ್ತಿನವರೆಗೂ ಒಂದು ಅಗುಳು ಮುಟ್ಟಿಲ್ಲ.

ಕಟ್ಟುಕತೆ ಅಂತೀರಾ? ಆ ಗಾಜಿನ ಇಟ್ಟಿಗೆಯನ್ನು ಹುಲಿಗೆಪ್ಪ ಒಯ್ಯಲೊಲ್ಲೆ ಅಂದ, ಮುತ್ತು ಇಟ್ಟುಕೊಳ್ಳಲೊಲ್ಲೆ ಅಂದ, ನಾನು ತಂದೆ. ನನ್ನ ಪುಸ್ತಕದ ಬೀರುವಿನಲ್ಲಿದೆ, ಕರೆಂಟ್ ಬಂದ ಮೇಲೆ ತೋರಿಸುತ್ತೇನೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಓರೆಯಾಗಿ ಹಿಡಿದು ನೋಡಿ, ಸುಣ್ಣ ನಿಧಾನಕ್ಕೆ ಜಾರುತ್ತದೆ. ಇನ್ನೂ ಒಣಗಿಲ್ಲ.

ಅದು ಗೋಡೆಯಿಂದ ಈಚೆ ಬಂದಾಗ ನಾನು ಅಲ್ಲೇ ನಿಂತಿದ್ದೆ. ೨೦೨೪ನೇ ಇಸವಿ, ಅಕ್ಟೋಬರ್ ಎರಡು, ಬುಧವಾರ, ಮಹಾಲಯ ಅಮಾವಾಸ್ಯೆ.