ಮಹಡಿ ಕೋಣೆಯ ಎತ್ತರದಲ್ಲಿ

ಬಸ್ಸು ಹೊಸ ಮೇಲ್ಸೇತುವೆ ಏರುತ್ತಿದ್ದಂತೆ, ಮುಂದಿನ ಸೀಟಿನಲ್ಲಿದ್ದ ತಲೆ ನರೆತ ಅಣ್ಣ ತಂಗಿ ದನಿ ತಗ್ಗಿಸಿದರು. ಕೆಲಸ ಮುಗಿಸಿ ಹಿಂದೆ ತೂಕಡಿಸುತ್ತಿದ್ದ ನರ್ಸ್ ಕಿವಿಗೊಟ್ಟಳು.

“ಔಷಧಿ ಅಂಗಡಿ ಬೋರ್ಡ್ ದಾಟಿದ್ರೆ ನಮ್ಮನೆ.”

“ಮನೆ ಎಲ್ಲಿದೆ ಅಣ್ಣ? ಕೆಡವಿ ರಸ್ತೆ ಮಾಡಿದ್ರಲ್ಲ.”

“ಸೇತುವೆ ಸರಿಯಾಗಿ ಮಹಡಿ ಎತ್ತರಕ್ಕೇ ಬಂದಿದೆ. ಅಮ್ಮನ ಮಂಚ ಇದ್ದದ್ದು ಇಲ್ಲೇ.”

ತಂಗಿ ಮುಂದಿನ ಸರಳನ್ನು ಬಿಗಿಯಾಗಿ ಹಿಡಿದಳು.

“ಮನೆ ಕೆಡವ್ತಾರೆ ಅಂತ ಅಮ್ಮಂಗೆ ಗೊತ್ತಿತ್ತಾ?”

“ಗೋಡೆಗೆ ಕೆಂಪು ಗುರುತು ಹಾಕೋದನ್ನ ಕಿಟಕಿಯಿಂದ ನೋಡಿದ್ಲು. ‘ನಾನು ಮಲಗಿರೋ ಕಡೆ ಬಸ್ ಓಡುತ್ತೇನೋ’ ಅಂತ ಕೇಳಿದ್ಲು.”

“ನೀನೇನಂದೆ?”

“ಇಲ್ಲಮ್ಮ, ರಸ್ತೆ ಬೇರೆ ಕಡೆ ಹೋಗುತ್ತೆ ಅಂದೆ. ಅದನ್ನ ನಂಬ್ಕೊಂಡೇ ಕಣ್ಣು ಮುಚ್ಚಿದ್ಲು. ಈಗ ಇಲ್ಲಿ ಹೋಗೋವಾಗೆಲ್ಲ ಅವಳ ಕೆಮ್ಮು ಕೇಳುತ್ತೆ ಕಣೆ.”

“ನನಗೂ ಕೇಳಿಸ್ತು.”

ಬಸ್ಸು ಸೇತುವೆ ಇಳಿದು ನಿಂತಿತು. ಇಬ್ಬರೂ ಎದ್ದರು.

“ನೀನು ಮನೆಗೆ ನಡಿ ಅಣ್ಣ. ನಾನು ಎದುರಿನ ಬಸ್ಸು ಹಿಡಿದು ಇನ್ನೊಂದ್ಸಲ ಸೇತುವೆ ಮೇಲೆ ಹೋಗ್ತೀನಿ.”

“ಯಾಕೆ?”

“ಯಾರಾದ್ರೂ ಅವಳಿಗೆ ನಿಜ ಹೇಳ್ಬೇಕಲ್ಲ ಅಣ್ಣ.”

ಬಸ್ಸು ಹೊರಟಾಗ ನರ್ಸ್ ತಿರುಗಿ ನೋಡಿದಳು. ಎದುರಿನ ನಿಲ್ದಾಣದಲ್ಲಿ ಇಬ್ಬರೂ ನಿಂತಿದ್ದರು.