ಉಜ್ಜಿದ ಬಲ ಪೆಡಲ್

ಚಿಂಚೋಳಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದ ಸುಂದರಮ್ಮನಿಗೆ ಬೇಡವೆಂದರೂ ಬೆನ್ನ ಹಿಂದಿನ ಮಾತು ಕಿವಿಗೆ ಬಿತ್ತು. ಅವಳ ಓಣಿಯ ಪೀರಪ್ಪ, ಮಗಳ ಮದುವೆಯಲ್ಲಿ ತಾನೇ ಕೊಟ್ಟ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಳಿಯನನ್ನು ಕೇಳುತ್ತಿದ್ದ.

"ಎಲ್ಲಿ ಬಿದ್ರಿ, ಅಳಿಯಂದ್ರ?"

"ಚಿಮ್ಮನಚೋಡ ಹಾದ್ಯಾಗ, ಮಾವ. ಗುಡ್ಡ ಇಳಿಯೋ ತಿರುವಿನ್ಯಾಗ."

"ಆ ತಿರುವು ಎಡಕ್ಕ ಬಾಗ್ತದ. ಎಡಗಾಲು ಮ್ಯಾಲಿಟ್ಟು, ಬಲಗಾಲಿನ ಮ್ಯಾಲ ಭಾರ ಹಾಕಿ ಇಳೀಬೇಕಂತ ಹೇಳಿದ್ದೆ."

"ಮರ್ತೆ ನೋಡ್ರಿ. ಎಡ ಪೆಡಲ್ ಕೆಳಗಿತ್ತು, ನೆಲಕ್ಕ ಬಡದು ಬಿದ್ದೆ."

"ಎಡ ಪೆಡಲ್ ಹೊಸದರಂಗ ಅದ. ಬಲ ಪೆಡಲ್ ಉಜ್ಜಿ ಸೊಟ್ಟ ಆಗ್ಯಾದ."

ಅಳಿಯ ಬಗ್ಗಿ ಬಲ ಪೆಡಲ್ಲಿನ ಮಣ್ಣು ಒರೆಸತೊಡಗಿದ. ಪೀರಪ್ಪ ಮಾತು ಮುಂದುವರಿಸಿದ.

"ಬಲ ಪೆಡಲ್ ನೆಲಕ್ಕ ಬಡಿಯೋದು ಬಲಕ್ಕ ಬಾಗೋ ತಿರುವಿನ್ಯಾಗ. ಇಳಿಯೋವಾಗ ಅಂಥಾ ತಿರುವು ಕೊಡ್ಲಿ ಊರಿನ ಹಾದ್ಯಾಗ ಮಾತ್ರ ಅದ. ಆ ಊರಾಗ ಎರಡನೇ ಮದುವಿಗೆ ಹೆಣ್ಣು ನೋಡಾಕತ್ತೀರಂತ ಜನ ಅಂದಾಗ ನಾ ನಂಬಿದ್ದಿಲ್ಲ."

"ನಾ ಬಿದ್ದದ್ದು ಮಾಳಮ್ಮಗ ಹೇಳಬ್ಯಾಡ್ರಿ, ಮಾವ. ಅಂಜತಾಳ."

"ಮಗಳಿಗೆ ಹೇಳದಿದ್ರ ಹ್ಯಾಂಗ? ಎಲ್ಲಿ ಬಿದ್ದಿ ಅಂಬೋದೂ ಹೇಳತೀನಿ."

ಅಳಿಯ ಹ್ಯಾಂಡಲ್ಲಿಗೆ ಕೈ ಚಾಚಿದ. ಪೀರಪ್ಪ ಕೊಡದೆ, ಸೈಕಲ್ಲನ್ನು ತಾನೇ ದೂಡಿಕೊಂಡು ಮನೆ ಕಡೆ ಹೊರಟ.